ನಮ್ಮ ಕಿವಿಯ ಜರಡಿ



ವಾರ್ಷಿಕ ಸಂಚಿಕೆಗೆ ನಾಲ್ಕು ಪುಟ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಏನು ಬರೆಯಲೆಂದು ಎರಡು ದಿನ ಯೋಚಿಸಿದೆನು. ಭಾಷೆಯ ಹಿರಿಮೆಯನ್ನು ಕುರಿತು ಬರೆಯಬಹುದಾಗಿತ್ತು. ಅದನ್ನು ಬಲ್ಲವರು ಬರೆದಿದ್ದಾರೆ, ನೀವೂ ಓದಿದ್ದೀರಿ. ಆದುದರಿಂದ ನನ್ನಿಂದಾದ ಒಂದು ತಪ್ಪನ್ನೂ ಆ ತಪ್ಪು ನನಗೆ ಕಲಿಸಿದ ಪಾಠವನ್ನೂ ನಿಮ್ಮ ಮುಂದೆ ಇಡಬೇಕೆಂದು ನಿಶ್ಚಯಿಸಿದೆನು. ಪ್ರತಿದಿನವೂ ನಿಮ್ಮ ತಪ್ಪುಗಳಿಗೆ ಕೆಂಪು ಗೆರೆ ಎಳೆಯುವ ಕೈ ಒಂದು ದಿನವಾದರೂ ತನ್ನ ತಪ್ಪಿಗೆ ಗೆರೆ ಎಳೆದುಕೊಳ್ಳುವದು ನ್ಯಾಯವಷ್ಟೆ.

ನಮ್ಮ ಧಾರಾವಿಯಲ್ಲಿ ಮನೆಯಿಂದ ಶಾಲೆಗೆ ಬರುವಷ್ಟರಲ್ಲಿ ಎಷ್ಟು ಭಾಷೆಗಳು ಕಿವಿಗೆ ಬೀಳುತ್ತವೆಂದು ಎಂದಾದರೂ ಎಣಿಸಿದ್ದೀರಾ? ಕುಂಭಾರವಾಡೆಯಲ್ಲಿ ಮಡಕೆಗಳನ್ನು ಬಿಸಿಲಿಗೆ ಇಡುವವರು ಗುಜರಾತಿಯಲ್ಲಿ ಮಾತನಾಡುತ್ತಾರೆ. ಕೋಳಿವಾಡೆಯಲ್ಲಿ ಮರಾಠಿ. ಬೆಳಗಿನ ಹೊತ್ತು ತೊಂಬತ್ತು ಅಡಿ ರಸ್ತೆಯಲ್ಲಿ ಇಡ್ಲಿಯ ಪಾತ್ರೆ ಹೊತ್ತು ಹೊರಟವರದು ತಮಿಳು. ಚರ್ಮದ ಅಂಗಡಿಗಳಲ್ಲಿಯೂ ಹೊಲಿಗೆಯ ಕಾರಖಾನೆಗಳಲ್ಲಿಯೂ ಹಿಂದಿ, ಉರ್ದು. ನಮ್ಮ ಗಲ್ಲಿಗೆ ಬಂದರೆ ಕಲಬುರಗಿ, ಯಾದಗಿರಿ, ವಿಜಯಪುರಗಳ ಕನ್ನಡ. ಮುಂಬಯಿಯ ಮಹಾನಗರಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಎಂಬ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಯಿಸುತ್ತ ಬಂದಿರುವದು ಸುಮ್ಮನೆ ಅಲ್ಲ. ಇಷ್ಟು ನುಡಿಗಳ ನಡುವೆ ಬೆಳೆದ ನಿಮ್ಮ ಕಿವಿಯೇ ಬೇರೆ. ಒಂದೇ ನುಡಿಯ ಹಳ್ಳಿಯಿಂದ ಬಂದ ನನ್ನ ಕಿವಿಯೇ ಬೇರೆ. ಇದನ್ನು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು.

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವನು. ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿದವನು. 2014ರಲ್ಲಿ ಈ ಊರಿಗೆ ಬಂದಾಗ ಹಿಂದಿಯನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಬಾಯಿಬಿಟ್ಟು ಆಡಿದವನಲ್ಲ. ಮೊದಲನೆಯ ವಾರ ಕಿರಾಣಿ ಅಂಗಡಿಗೆ ಹೋಗಿ, ಗಡ್ಡ ಬಿಟ್ಟ ಹಿರಿಯ ಅಂಗಡಿಕಾರರನ್ನು ಬಹಳ ವಿನಯದಿಂದ ಕರೆದೆನು. ಕರೆಯಬೇಕಾದದ್ದು ‘ಭಾಯಿ’ ಎಂದು. ನನ್ನಿಂದ ಹೊರಟದ್ದು ‘ಬಾಯಿ’. ಭಾಯಿ ಎಂದರೆ ಅಣ್ಣ; ಈ ಊರಿನಲ್ಲಿ ಬಾಯಿ ಎಂದರೆ ಹೆಂಗಸು; ನಮ್ಮ ಊರಿನಲ್ಲಿ ಬಾಯಿ ಎಂದರೆ ಅನ್ನ ಉಣ್ಣುವ ಬಾಯಿ. ಅಂಗಡಿಯಲ್ಲಿ ನಿಂತವರೆಲ್ಲರೂ ನಕ್ಕರು. ಅವರು ಏತಕ್ಕೆ ನಕ್ಕರೆಂಬುದು ನನಗೆ ತಿಳಿಯಲಿಲ್ಲ. ನನ್ನ ಮಟ್ಟಿಗೆ ನಾನು ಸರಿಯಾಗಿಯೇ ಕರೆದಿದ್ದೆನು.

ನಮ್ಮ ಅಕ್ಷರಮಾಲೆಯಲ್ಲಿ ಭಕಾರವಿಲ್ಲವೇ ಎಂದು ನೀವು ಕೇಳುವಿರಿ. ಉಂಟು, ಬರೆಯುವಾಗ ನಾನು ತಪ್ಪುತ್ತಲೂ ಇರಲಿಲ್ಲ. ಆದರೆ ನಮ್ಮ ಅಚ್ಚಗನ್ನಡದ ಮಾತುಗಳಲ್ಲಿ ಮಹಾಪ್ರಾಣವು ಇಲ್ಲವೆನ್ನುವಷ್ಟು ವಿರಳ. ಅದು ಬಹುಮಟ್ಟಿಗೆ ಸಂಸ್ಕೃತದ ಶಬ್ದಗಳೊಡನೆ ಬಂದದ್ದು. ಹಳ್ಳಿಯ ಹೊಲದಲ್ಲಿ ‘ಭೂಮಿ’ಯು ‘ಬೂಮಿ’ಯೇ ಆಗಿದೆ. ಹೆಚ್ಚಿನ ಕನ್ನಡಿಗರ ಆಡುಮಾತಿನಲ್ಲಿ ಮಹಾಪ್ರಾಣವು ಇಲ್ಲವೆಂಬುದನ್ನು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಎತ್ತಿ ತೋರಿಸಿ, ಬರವಣಿಗೆಯಿಂದಲೂ ಅದನ್ನು ಬಿಡಬಹುದೆಂದು ವಾದಿಸಿದರು. ಆ ವಾದವನ್ನು ಒಪ್ಪುವದು, ಬಿಡುವದು ಬೇರೆಯ ಮಾತು. ಕಣ್ಣು ಬಲ್ಲ ಅಕ್ಷರವನ್ನೆಲ್ಲ ಕಿವಿಯು ಬಲ್ಲದೆಂದು ತಿಳಿಯಬಾರದೆಂಬುದಕ್ಕೆ ಮಾತ್ರ ನಾನೇ ಸಾಕ್ಷಿ.

ಆ ನಗೆಯನ್ನು ನಾನು ಬೇಗನೆ ಮರೆತೆನು. ಮರೆಯಬಾರದಾಗಿತ್ತು.

2017ರಲ್ಲಿ ಐದನೆಯ ತರಗತಿಗೆ ನಾನು ಕನ್ನಡ ಕಲಿಸುತ್ತಿದ್ದೆನು. ಆ ತರಗತಿಯಲ್ಲಿ ಯಾದಗಿರಿಯ ಕಡೆಯ ಒಬ್ಬ ಹುಡುಗನಿದ್ದನು. ಲೆಕ್ಕದಲ್ಲಿ ಜಾಣ, ಆದರೆ ಉಕ್ತಲೇಖನದಲ್ಲಿ ಮಾತ್ರ ಅವನ ಪಾಟಿ ಕೆಂಪಾಗಿಯೇ ಹೊರಡುತ್ತಿತ್ತು. ನಾನು ‘ಶಂಕರ’ ಎಂದರೆ ಅವನು ‘ಸಂಕರ’ ಎಂದು ಬರೆಯುವನು. ‘ಆಕಾಶ’ ಎಂದರೆ ‘ಆಕಾಸ’. ‘ಶುಕ್ರವಾರ’ ಎಂದರೆ ‘ಸುಕ್ರವಾರ’. ಒಂದು ದಿನ ಸಿಟ್ಟಿನಿಂದ, “ನಿನಗೆ ಕಿವಿ ಇಲ್ಲವೇನೋ?” ಎಂದು ಗದರಿಸಿ, ‘ಶಂಕರ’ ಎಂದು ಐವತ್ತು ಸಲ ಬರೆದು ತರಲು ಹೇಳಿದೆನು. ಮರುದಿನ ಅವನು ಐವತ್ತು ಸಲವೂ ಸರಿಯಾಗಿ, ದುಂಡಾಗಿ ಬರೆದು ತಂದನು. ನನಗೆ ಸಂತೋಷವಾಯಿತು. ಪುಸ್ತಕವನ್ನು ಮುಚ್ಚಿಸಿ ಮತ್ತೆ ಉಕ್ತಲೇಖನ ಕೊಟ್ಟೆನು. ‘ಸಂಕರ’ ಎಂದೇ ಬರೆದನು.

ಆಗ ನಾನು ಇಡಿಯ ತರಗತಿಯ ಮುಂದೆ ಅವನನ್ನು ನಿಲ್ಲಿಸಿ, “ಈ ತಲೆಗೆ ಅಕ್ಷರ ಹತ್ತುವದಿಲ್ಲ” ಎಂದೆನು. ಹುಡುಗರು ನಕ್ಕರು. ಅವನು ನೆಲ ನೋಡುತ್ತ ನಿಂತಿದ್ದನು. ಮುಂದಿನ ಸೋಮವಾರದಿಂದ ಅವನು ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯನ್ನು ಬರೆಯುತ್ತ ಹೋದೆನು. ಏಕೆ ಬರಲಿಲ್ಲವೆಂದು ವಿಚಾರಿಸಲಿಲ್ಲ.

ಆ ಎರಡನೆಯ ವಾರದ ಒಂದು ಸಂಜೆ ಮರಾಠಿ ಮಾತಿನ ಒಬ್ಬ ಅಧ್ಯಾಪಕ ಮಿತ್ರರೊಡನೆ ಸಾಯನ್ ನಿಲ್ದಾಣದ ಕಡೆಗೆ ನಡೆದು ಹೋಗುತ್ತ ಒಂದು ಚಹಾದ ಅಂಗಡಿಯಲ್ಲಿ ನಿಂತೆವು. ನಾನು ನನ್ನ ಮರಾಠಿಯ ಪ್ರೌಢಿಮೆಯನ್ನು ತೋರಿಸಬೇಕೆಂದು ಎರಡು ಚಹಾ ಕೊಡಿರೆಂದು ಮರಾಠಿಯಲ್ಲಿ ಕೇಳಿದೆನು. ಮಿತ್ರರು ಮುಗುಳುನಗುತ್ತ, “ಮಾಸ್ತರರೇ, ನೀವು ಹೇಳಿದ್ದು ಚಹಾ ಅಲ್ಲ” ಎಂದರು.

“ಮತ್ತೇನು?”

“ಚಹಾ.”

“ನಾನೂ ಅದನ್ನೇ ಹೇಳಿದೆನಲ್ಲ! ಚಹಾ.”

“ಅಲ್ಲ, ಚಹಾ.”

ಹೀಗೆ ಐದಾರು ಸಲ ನಡೆಯಿತು. ಪ್ರತಿಸಲವೂ ಅವರು ಹೇಳಿದ್ದೂ ನಾನು ಹೇಳಿದ್ದೂ ನನ್ನ ಕಿವಿಗೆ ಒಂದೇ. ಅವರಿಗಾದರೋ ಅವೆರಡೂ ಹಗಲು-ಇರುಳಿನಷ್ಟು ಬೇರೆ. ಕೊನೆಗೆ ಅವರು ನನ್ನ ಬೆನ್ನು ತಟ್ಟಿ, ಹಾಸ್ಯಕ್ಕೆಂದು, “ಮಾಸ್ತರರಿಗೆ ಕಿವಿ ಇಲ್ಲವೋ ಏನೋ” ಎಂದರು.

ಚಹಾ ಗಂಟಲಲ್ಲಿ ಇಳಿಯಲಿಲ್ಲ. ಆ ಮಾತನ್ನು ನಾನು ಬೇರೊಬ್ಬರಿಗೆ ಅಂದಿದ್ದೆನು, ಹಾಸ್ಯಕ್ಕೆ ಅಂದಿರಲಿಲ್ಲ.

ಮುಂದಿನ ಕೆಲವು ದಿನ ವಾಚನಾಲಯದಲ್ಲಿ ಕುಳಿತು ಓದಿದ ಮೇಲೆ ನನಗೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ಮರಾಠಿಯಲ್ಲಿ ಒಂದೇ ಚಕಾರಕ್ಕೆ ಎರಡು ಉಚ್ಚಾರಗಳಿವೆ. ‘ಚಾರ್’ ಅಂದರೆ ನಾಲ್ಕು ಎಂಬಲ್ಲಿ ನಮ್ಮ ಚಕಾರದಂತಹ ತಾಲವ್ಯ ಧ್ವನಿ. ‘ಚಹಾ’ ಎಂಬಲ್ಲಿ ನಾಲಿಗೆಯ ತುದಿ ಹಲ್ಲಿನ ಹಿಂದಕ್ಕೆ ತಾಗಿ, ತಕಾರವೂ ಸಕಾರವೂ ಬೆರೆತಂತೆ ಕೇಳುವ ಧ್ವನಿ. ಅದನ್ನು ಅವರ ವ್ಯಾಕರಣದಲ್ಲಿ ದಂತತಾಲವ್ಯವೆನ್ನುತ್ತಾರೆ. ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರವಾದುದರಿಂದ ಪುಸ್ತಕ ಓದಿ ಮರಾಠಿ ಕಲಿತವನಿಗೆ ಇದು ತಿಳಿಯುವದಿಲ್ಲ. ಹುಣಿಸೆಹಣ್ಣಿಗೆ ಅವರು ‘ಚಿಂಚ’ ಎನ್ನುತ್ತಾರೆ. ಆ ಒಂದೇ ಮಾತಿನಲ್ಲಿ ಮೊದಲಿನ ಚಕಾರ ಒಂದು ಬಗೆ, ಕೊನೆಯದು ಇನ್ನೊಂದು ಬಗೆ. ‘ನನ್ನವನು’ ಎಂಬರ್ಥದ ‘ಮಾಝಾ’ ಎಂಬಲ್ಲಿಯ ಧ್ವನಿಯು ‘ನನ್ನವಳು’ ಎಂಬರ್ಥದ ‘ಮಾಝೀ’ ಎಂಬಲ್ಲಿ ಬದಲಾಗುತ್ತದೆ. ನಮ್ಮ ತೆಲುಗು ನೆರೆಯವರಲ್ಲಿಯೂ ಚಕಾರಕ್ಕೆ ಇಂತಹ ಎರಡು ಬಗೆಗಳುಂಟು.

ಹಾಗಾದರೆ ನನಗೆ ಅದು ಏಕೆ ಕೇಳಿಸಲಿಲ್ಲ? ಕಿವಿಯಲ್ಲಿ ದೋಷವಿರಲಿಲ್ಲ. ರಷ್ಯಾದಲ್ಲಿ ಹುಟ್ಟಿ ವಿಯೆನ್ನಾ ನಗರದಲ್ಲಿ ಅಧ್ಯಾಪಕನಾಗಿದ್ದ ಟ್ರುಬೆಟ್ಸ್ಕಾಯ್ ಎಂಬ ವಿದ್ವಾಂಸನು ಇದಕ್ಕೆ ಒಂದು ಉಪಮೆಯನ್ನು ಕೊಟ್ಟನು. ಅವನು ತೀರಿಕೊಂಡ ಮರುವರ್ಷ, 1939ರಲ್ಲಿ, ಆ ಗ್ರಂಥವು ಅಚ್ಚಾಯಿತು. ನಮ್ಮ ತಾಯ್ನುಡಿಯ ಧ್ವನಿವ್ಯವಸ್ಥೆಯು ಒಂದು ಜರಡಿಯಿದ್ದಂತೆ. ಪರರು ಆಡಿದ್ದೆಲ್ಲವೂ ಆ ಜರಡಿಯನ್ನು ಹಾಯ್ದೇ ನಮ್ಮನ್ನು ಮುಟ್ಟುವದು ಎಂಬುದು ಅದರ ತಾತ್ಪರ್ಯ. ನಮ್ಮ ಅವ್ವಂದಿರ ಕೈಯಲ್ಲಿ ಹಿಟ್ಟಿನ ಜರಡಿಯೂ ಇದೆ, ಕಾಳಿನ ಜರಡಿಯೂ ಇದೆ. ಒಂದರಲ್ಲಿ ನಿಲ್ಲುವದು ಇನ್ನೊಂದರಲ್ಲಿ ನಿಲ್ಲುವದಿಲ್ಲ. ಜರಡಿ ಕೆಟ್ಟಿದೆಯೆಂದಲ್ಲ, ಅದರ ಕಣ್ಣು ಬೇರೆ ಅಳತೆಯದು.

ಈ ಜರಡಿಯನ್ನು ನಾವು ಯಾವಾಗ ಪಡೆಯುತ್ತೇವೆಂಬುದನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಂಗ್ಲಿಷ್ ಮಾತಿನ ಮನೆಗಳ ಹಸುಗೂಸುಗಳಿಗೆ ಹಿಂದಿಯ ತಕಾರ, ಟಕಾರಗಳನ್ನು ಕೇಳಿಸಿದರು. ಧ್ವನಿ ಬದಲಾದೊಡನೆ ಕೂಸು ತಲೆ ತಿರುಗಿಸಿದರೆ ಅದಕ್ಕೊಂದು ಆಟಿಗೆ ಕಾಣುವಂತೆ ಏರ್ಪಾಡು. ಆರರಿಂದ ಎಂಟು ತಿಂಗಳಿನ ಕೂಸುಗಳಲ್ಲಿ ಬಹುತೇಕ ಎಲ್ಲವೂ ಆ ಭೇದವನ್ನು ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಹಿಡಿಯಬಲ್ಲವು ಕೆಲವೇ ಉಳಿದವು. ತನ್ನ ಮನೆಯಲ್ಲಿ ಬೇಕಾಗದ ಭೇದವನ್ನು ಕೂಸಿನ ಕಿವಿ ಲೆಕ್ಕಕ್ಕೆ ಹಿಡಿಯುವದನ್ನು ಬಿಟ್ಟುಕೊಡುತ್ತದೆ. ಬಿಡುವದರಿಂದ ಲಾಭವೂ ಉಂಟು: ಬೇಕಾದ ಭೇದಗಳು ಚುರುಕಾಗುತ್ತವೆ, ತಾಯಿಯ ಮಾತು ಬೇಗನೆ ತಿಳಿಯುತ್ತದೆ. ಹೀಗೆ ನಾವು ನಡೆಯುವದನ್ನು ಕಲಿಯುವ ಮೊದಲೇ ನಮ್ಮ ಕಿವಿ ಒಂದು ಊರಿನದಾಗಿರುತ್ತದೆ.

ಇದನ್ನು ತಿಳಿದ ಮೇಲೆ ಎಲ್ಲೆಲ್ಲಿಯೂ ಜರಡಿಗಳೇ ಕಾಣತೊಡಗಿದವು. ಬ್ರಿಟಿಷರು ನಮ್ಮ ಧಾರವಾಡವನ್ನು ‘ಧಾರ್ವಾರ್’ ಎಂದೂ, ಕೊಡಗನ್ನು ‘ಕೂರ್ಗ್’ ಎಂದೂ, ಮಡಿಕೇರಿಯನ್ನು ‘ಮರ್ಕಾರಾ’ ಎಂದೂ ಬರೆದರು. ಮೂರರಲ್ಲಿಯೂ ನಮ್ಮ ಡಕಾರವು ಅವರ ಕಿವಿಯಲ್ಲಿ ರಕಾರವಾಗಿದೆ. ನಾವಾದರೂ ಕಡಿಮೆಯಲ್ಲ. ಇಂಗ್ಲಿಷರು ನಾಲಿಗೆಯನ್ನು ಹಲ್ಲಿನ ಒಸಡಿಗೆ ಹಚ್ಚಿ ಆಡುವ ಧ್ವನಿಯು ನಮ್ಮ ತಕಾರವೂ ಅಲ್ಲ, ಟಕಾರವೂ ಅಲ್ಲ. ನಾವು ಅದನ್ನು ಟಕಾರವೆಂದೇ ಕೇಳಿ ‘ಟೇಬಲ್’, ‘ಡಾಕ್ಟರ್’ ಎಂದು ಬರೆದುಕೊಂಡೆವು. ಪಶ್ಚಿಮ ದಿಕ್ಕಿಗೂ ಒಳ ಅಂಗಿಗೂ ಇಂಗ್ಲಿಷರು ಬೇರೆ ಬೇರೆ ವಕಾರಗಳಿಂದ ಹೆಸರಿಟ್ಟಿದ್ದಾರೆ. ನಮಗೆ ಎರಡೂ ‘ವೆಸ್ಟ್’. ಬಸ್ಸು, ಕಾರು, ಪೆನ್ನು ಎಂದು ಪ್ರತಿಯೊಂದರ ಬಾಲಕ್ಕೆ ಒಂದು ಉಕಾರವನ್ನು ಕಟ್ಟದೆ ನಮಗೆ ಸಮಾಧಾನವಿಲ್ಲ.

ನಮ್ಮ ನೆರೆಯವರನ್ನು ನೋಡಿರಿ. ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ಎಕಾರ, ಒಕಾರಗಳಲ್ಲಿ ನಮ್ಮಂತೆ ಹ್ರಸ್ವ-ದೀರ್ಘವೆಂಬ ಭೇದವಿಲ್ಲ. ‘ಬೆಳೆ’ಯು ಹೊಲದಲ್ಲಿದೆ, ‘ಬೇಳೆ’ಯು ಗಡಿಗೆಯಲ್ಲಿದೆ ಎಂದು ಅದೇ ಮಿತ್ರರಿಗೆ ನಾನು ಹೇಳಿ ತೋರಿಸಿದಾಗ, ಈ ಸಲ ಅವರೇ, “ಎರಡೂ ಒಂದೇ ಅಲ್ಲವೇ?” ಎಂದರು. ತಮಿಳಿನ ಬರವಣಿಗೆಯಲ್ಲಿ ಕಕಾರ, ಗಕಾರಗಳಿಗೆ ಒಂದೇ ಅಕ್ಷರ. ಅದಕ್ಕಾಗಿ ತಮಿಳರನ್ನು ನಾವು ನಗಬೇಕಾಗಿಲ್ಲ. ಏಕೆಂದರೆ ಅವರ ಭಾಷೆಯ ಹೆಸರನ್ನೇ ನಾವು ಸರಿಯಾಗಿ ಕೇಳಲಾರೆವು. ಅದರ ಕೊನೆಯಲ್ಲಿರುವದು ನಮ್ಮ ಳಕಾರವಲ್ಲ. ನಾಲಿಗೆಯನ್ನು ಹಿಂದಕ್ಕೆ ಮಡಿಚಿ, ಎಲ್ಲಿಯೂ ತಾಗಿಸದೆ ಆಡುವ ಬೇರೊಂದು ಧ್ವನಿ. ಸೋಜಿಗವೆಂದರೆ ಅದು ಹಳಗನ್ನಡದಲ್ಲಿಯೂ ಇತ್ತು. ಅದಕ್ಕೆ ‘ೞ’ ಎಂಬ ಅಕ್ಷರವಿತ್ತು. ‘ಮೞೆ’, ‘ಬಾೞೆ’, ‘ಏೞ್’ ಎಂದು ಬರೆಯುತ್ತಿದ್ದರು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳೆಂದು ಬೇರೆ ಬೇರೆ ಮಾಡಿ ವಿವರಿಸಿದನು. ಇಂದು ‘ಮಳೆ’ಯ ಳಕಾರವೂ ‘ಕೇಳು’ ಎಂಬಲ್ಲಿಯ ಳಕಾರವೂ ನಮಗೆ ಒಂದೇ. ನಮ್ಮ ಹಿರಿಯರ ಕಿವಿ ಹಿಡಿಯುತ್ತಿದ್ದ ಧ್ವನಿಯನ್ನು ನಮ್ಮ ಕಿವಿ ಹಿಡಿಯದು. ಅಂದಮೇಲೆ ಯಾವ ಜರಡಿ ಮೇಲು, ಯಾವದು ಕೀಳು?

ಯೆಹೂದ್ಯರ ಪುರಾತನ ಗ್ರಂಥದಲ್ಲಿ ಒಂದು ದಾರುಣವಾದ ಕಥೆ ಬರುತ್ತದೆ. ಗಿಲ್ಯಾದಿನವರು ಎಫ್ರಾಯೀಮರನ್ನು ಯುದ್ಧದಲ್ಲಿ ಸೋಲಿಸಿ, ಜೋರ್ಡನ್ ನದಿಯ ಹಾಯ್ಗಡಗಳಲ್ಲಿ ಕಾವಲು ನಿಂತರು. ದಾಟಲು ಬಂದವನಿಗೆ ‘ಶಿಬ್ಬೋಲೆತ್’ ಎಂಬ ಒಂದು ಮಾತನ್ನು ನುಡಿಯಲು ಹೇಳುವರು. ಎಫ್ರಾಯೀಮರ ನುಡಿಯಲ್ಲಿ ಶಕಾರವು ಹೊರಡುತ್ತಿರಲಿಲ್ಲ, ‘ಸಿಬ್ಬೋಲೆತ್’ ಎನ್ನುವರು. ಹಾಗೆಂದವನನ್ನು ಅಲ್ಲಿಯೇ ಕೊಲ್ಲುವರು. ಹೀಗೆ ಸತ್ತವರು ನಾಲ್ವತ್ತೆರಡು ಸಾವಿರವೆಂದು ಅಲ್ಲಿ ಬರೆದಿದೆ. ಆ ಕಥೆಯನ್ನು ಓದುವಾಗ ನನಗೆ ನಮ್ಮ ಐದನೆಯ ತರಗತಿಯ ಬಾಗಿಲು ಕಣ್ಣಿಗೆ ಕಟ್ಟಿತು. ಅದೇ ಶಕಾರ, ಅದೇ ಸಕಾರ. ದಾಟಲು ಬಂದವನು ಹತ್ತು ವರ್ಷದ ಹುಡುಗ. ಕಾವಲು ನಿಂತವನು ನಾನು.

ಮರುದಿನವೇ ಅವನ ಮನೆಯನ್ನು ಹುಡುಕಿಕೊಂಡು ಹೋದೆನು. ಏಣಿ ಹತ್ತಿ ಹೋಗಬೇಕಾದ ಒಂದು ಮಾಳಿಗೆಯ ಕೋಣೆ. ತಂದೆ ಗವಂಡಿ ಕೆಲಸಕ್ಕೆ ಹೋಗಿದ್ದನು. ತಾಯಿ ನನ್ನನ್ನು ಕಂಡು ಗಾಬರಿಯಿಂದ ಸೆರಗು ಸರಿಮಾಡಿಕೊಂಡು ಚಾಪೆ ಹಾಸಿದಳು.

“ಅಂವ ಸಾಲಿಗಿ ಬರಲ್ಲ ಅಂತಾನ್ರಿ ಸರ್. ನನ್ನ ತಲಿಗಿ ಅಕ್ಸರ ಹತ್ತಂಗಿಲ್ಲ, ಅಪ್ಪನ ಜೋಡಿ ಕೆಲಸಕ್ಕ ಹೋಗ್ತೀನಿ ಅಂತ ಕುಂತಾನ್ರಿ. ಖರೇನೇ ಅವಂಗ ತಲಿ ಇಲ್ಲೇನ್ರಿ?”

ನಾನು ಉತ್ತರ ಕೊಡಲಾರದೆ ಕುಳಿತೆನು. ‘ಸಾಲಿ’ ಎಂದಳು ಆ ತಾಯಿ. ನನ್ನ ಸ್ವಂತ ತಾಯಿಯೂ ನನ್ನನ್ನು ‘ಸಾಲಿ’ಗೇ ಕಳಿಸಿದಳು, ‘ಶಾಲೆ’ಗೆ ಕಳಿಸಲಿಲ್ಲ. ಹುಟ್ಟಿದಂದಿನಿಂದ ಆ ಹುಡುಗನ ಕಿವಿಗೆ ಬಿದ್ದದ್ದು ಒಂದೇ ಸಕಾರ. ಅವನು ತಪ್ಪು ಕೇಳಿರಲಿಲ್ಲ. ತಾಯಿ ಕೊಟ್ಟ ಜರಡಿಯಲ್ಲಿ ಸರಿಯಾಗಿಯೇ ಕೇಳಿದ್ದನು. ನನಗೆ ಚಹಾದಲ್ಲಿ ಆದದ್ದೇ ಅವನಿಗೆ ಶಂಕರನಲ್ಲಿ ಆಗಿತ್ತು. ಭೇದವಿಷ್ಟೇ: ನನ್ನ ಮಿತ್ರರು ನನ್ನ ಬೆನ್ನು ತಟ್ಟಿದ್ದರು.

“ತಲೆ ಇದೆ ತಾಯಿ. ತಪ್ಪು ನನ್ನದು” ಎಂದೆನು. ಮೂಲೆಯಲ್ಲಿ ಕುಳಿತಿದ್ದ ಹುಡುಗನು ತಲೆ ಎತ್ತಿ ನೋಡಿದನು. ಅಷ್ಟರಲ್ಲಿ ಜೋಳಿಗೆಯಲ್ಲಿ ಮಲಗಿದ್ದ ಅವನ ಪುಟ್ಟ ತಂಗಿ ಎದ್ದು ಅಳತೊಡಗಿತು. ಅವನು ಹೋಗಿ ಜೋಳಿಗೆಯನ್ನು ತೂಗುತ್ತ, ತುಟಿಯ ಮೇಲೆ ಬೆರಳಿಟ್ಟು, “ಶ್... ಶ್...” ಎಂದನು.

ನಾನು ದಿಗ್ಗನೆ ಎದ್ದೆನು. “ಈಗ ಏನಂದೆಯೋ?”

ಅವನು ಹೆದರಿ, “ಏನೂ ಅಂದಿಲ್ರಿ ಸರ್” ಎಂದನು.

ನಿಜವಾಗಿಯೂ ಅವನು ಏನೂ ಅಂದಿರಲಿಲ್ಲ. ಅವನ ಲೆಕ್ಕದಲ್ಲಿ ಅದು ಮಾತೇ ಅಲ್ಲ. ಕೂಸನ್ನು ಸುಮ್ಮನಿರಿಸುವ ಒಂದು ಸದ್ದು. ಧ್ವನಿಯು ಅವನ ಬಾಯಲ್ಲಿ ಮೊದಲಿನಿಂದಲೂ ಇತ್ತು; ಅದು ಅಕ್ಷರವೆಂದು ಅವನ ಕಿವಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಐವತ್ತು ಸಲ ಬರೆಯಿಸುವದರಲ್ಲಿ ತೊಡಗಿದ್ದನು. “ಆ ಸದ್ದಿನ ಬೆನ್ನಿಗೆ ಒಂದು ‘ಅ’ ಹಚ್ಚು” ಎಂದೆನು. ಹಚ್ಚಿದನು. “ಈಗ ‘ಶಂಕರ’ ಅನ್ನು.” ಅಂದನು. ತಾಯಿ ನಕ್ಕಳು, ಅವನೂ ನಕ್ಕನು.

ಸೋಮವಾರ ಅವನು ಶಾಲೆಗೆ ಬಂದನು. ತರಗತಿಯ ಮುಂದೆ ಅಂದ ಮಾತನ್ನು ತರಗತಿಯ ಮುಂದೆಯೇ ಹಿಂದೆಗೆದುಕೊಂಡೆನು. ಅಂದಿನಿಂದ ಶಾಲೆ ಬಿಟ್ಟ ಮೇಲೆ ಹತ್ತು ನಿಮಿಷ ನಾವಿಬ್ಬರೂ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತಿದ್ದೆವು. ನಾನು ಅವನ ಬೆನ್ನ ಹಿಂದೆ ನಿಂತು ಶಬ್ದಗಳನ್ನು ಹೇಳುವದು. ಶಕಾರ ಕೇಳಿದರೆ ಬಲಗೈ, ಸಕಾರ ಕೇಳಿದರೆ ಎಡಗೈ ಎತ್ತುವದು. ಆಮೇಲೆ ಪಾಳಿ ನನ್ನದು. ಅವನ ಚಾಳಿನಲ್ಲಿ ಪಕ್ಕದ ಮನೆಯವರು ಮರಾಠಿಯವರು. ಅವರ ಮಕ್ಕಳೊಡನೆ ಆಡಿ ಬೆಳೆದವನು ಅವನು. ಚಾರ್, ಚಹಾ, ಚಿತ್ರ, ಚೋರ್, ಚೂಕ್ ಎಂದು ಅವನು ಹೇಳುವನು; ಯಾವ ಚಕಾರವೆಂದು ನಾನು ಕೈ ಎತ್ತಬೇಕು. ಮೊದಲ ದಿನ ಹತ್ತರಲ್ಲಿ ಆರು ತಪ್ಪಿದೆನು. ಅಂದಹಾಗೆ ‘ಚೂಕ್’ ಎಂದರೆ ಮರಾಠಿಯಲ್ಲಿ ತಪ್ಪು ಎಂದೇ ಅರ್ಥ. ನನಗೆ ದಾರಿ ತೋರಿದ್ದು ಕನ್ನಡವೇ: ‘ವತ್ಸ’, ‘ಉತ್ಸವ’ ಎಂಬಲ್ಲಿ ನಡುವೆ ಬರುವ ‘ತ್ಸ’ವನ್ನು ಹಿಡಿದು, ಅದನ್ನು ಮಾತಿನ ಮೊದಲಿಗೆ ಇಟ್ಟು ನೋಡಿದೆನು. ನಡುವೆ ಇದ್ದಾಗ ಕೇಳುತ್ತಿದ್ದುದು ಮೊದಲಿಗೆ ಬಂದಾಗ ಕೇಳುತ್ತಿರಲಿಲ್ಲ, ಅಷ್ಟೇ.

ಬೆಳೆದವರ ಜರಡಿಯೂ ಕಬ್ಬಿಣದ್ದಲ್ಲ. ಜಪಾನೀಯರಿಗೆ ಇಂಗ್ಲಿಷಿನ ರಕಾರ-ಲಕಾರಗಳ ಭೇದ ತಿಳಿಯುವದು ಬಹು ಕಷ್ಟ. 1991ರಲ್ಲಿ ಅಮೇರಿಕದ ಲೋಗನ್, ಲೈವ್ಲಿ, ಪಿಸೋನಿ ಎಂಬ ಮೂವರು ಪ್ರಕಟಿಸಿದ ಪ್ರಯೋಗದಲ್ಲಿ, ಬೆಳೆದ ಜಪಾನೀಯರಿಗೆ ಬೇರೆ ಬೇರೆ ಜನರ ಕಂಠದಿಂದ ಆ ಶಬ್ದಗಳನ್ನು ಕೇಳಿಸಿ, ಸರಿಯೋ ತಪ್ಪೋ ಎಂದು ಒಡನೆಯೇ ತಿಳಿಸುತ್ತ ಕೆಲವು ವಾರ ಅಭ್ಯಾಸ ಮಾಡಿಸಿದಾಗ ಅವರ ಕ���ವಿ ಸುಧಾರಿಸಿತು. ಅನೇಕ ಕಂಠಗಳು, ತಾಳ್ಮೆ, ಒಡನೆಯೇ ತಿದ್ದುವ ಒಬ್ಬ ಗೆಳೆಯ: ಈ ಮೂರೂ ನಿಮಗೆ ಧಾರಾವಿಯ ಒಂದು ಗಲ್ಲಿಯಲ್ಲಿಯೇ ದೊರೆಯುತ್ತವೆ. ಇವುಗಳಲ್ಲಿ ನಗೆಯನ್ನೂ ಶಿಕ್ಷೆಯನ್ನೂ ನಾನು ಎಣಿಸಿಲ್ಲವೆಂಬುದನ್ನು ಗಮನಿಸಿರಿ.

ಆದುದರಿಂದ ಮಕ್ಕಳೇ, ಹೊಸದಾಗಿ ಊರಿನಿಂದ ಬಂದ ಹುಡುಗನು ನಿಮ್ಮ ಪಕ್ಕದಲ್ಲಿ ಕುಳಿತು ಮರಾಠಿಯನ್ನೋ ಇಂಗ್ಲಿಷನ್ನೋ ತಪ್ಪಾಗಿ ನುಡಿದರೆ, ಅವನಿಗೆ ಅದು ಹೇಗೆ ಕೇಳಿಸುತ್ತಿದೆಯೆಂದು ಮೊದಲು ಕೇಳಿರಿ. ನಿಮ್ಮನ್ನು ಯಾರಾದರೂ ನಕ್ಕರೆ ತಲೆ ತಗ್ಗಿಸಬೇಡಿರಿ. ಮತ್ತೊಮ್ಮೆ ಹೇಳಿರಿ, ನಿಧಾನವಾಗಿ ಹೇಳಿರಿ ಎಂದು ಕೇಳಿಕೊಳ್ಳಿರಿ. ತಾಯ್ನುಡಿ ಕೊಟ್ಟ ಜರಡಿಯನ್ನು ಎಸೆಯಬೇಕಾಗಿಲ್ಲ. ಅದರ ಪಕ್ಕದಲ್ಲಿ ಇನ್ನೊಂದನ್ನು ತೂಗುಹಾಕಿದರೆ ಸಾಕು.

ಆ ಹುಡುಗನು ಹತ್ತನೆಯ ತರಗತಿಯನ್ನು ದಾಟಿ ಈಗ ದೊಡ್ಡವನಾಗಿದ್ದಾನೆ. ಒಮ್ಮೊಮ್ಮೆ ಸಂಜೆ ಶಾಲೆಯ ಬಾಗಿಲಲ್ಲಿ ನಿಂತು, “ಬರ್ರಿ ಸರ್, ಚಹಾ ಕುಡಿಯೋಣು” ಎಂದು ಕರೆಯುತ್ತಾನೆ. ಅಂಗಡಿಯಲ್ಲಿ ಮಾತ್ರ ತಾನು ಬಾಯಿ ಬಿಡುವದಿಲ್ಲ. ಕೇಳುವ ಕೆಲಸವನ್ನು ನನಗೇ ಬಿಟ್ಟು, ನಾನು ಹೇಗೆ ನುಡಿಯುವೆನೆಂದು ಕಿವಿಗೊಟ್ಟು ನಿಲ್ಲುತ್ತಾನೆ. ನಾನು ಈಗಲೂ ಹತ್ತು ಸಲಕ್ಕೆ ಒಂದೆರಡು ಸಲ ತಪ್ಪುತ್ತೇನೆ. ಆಗ ಅವನು ನಗುವದಿಲ್ಲ. ಎಡಗೈ ಎತ್ತಿ ತೋರಿಸುತ್ತಾನೆ.